ಊದಿದ ಕರುಳಿನ ಕೆಳಗೆ

ಕೋಪನ್‌ಹೇಗನ್ನಿನ ಹಿರ್ಶ್‌ಸ್ಪ್ರಂಗ್ ಮನೆತನದ್ದು ಹೊಗೆಸೊಪ್ಪಿನ ವ್ಯಾಪಾರ. 1826ರಲ್ಲಿ ಅಪ್ಪ ಶುರುಮಾಡಿದ ಉದ್ಯಮ ಕೈಹಿಡಿದಿತ್ತು. ಮಕ್ಕಳಲ್ಲಿ ಹೈನ್ರಿಕ್ ಅದನ್ನು ಮುಂದುವರಿಸಿ, ಬಂದ ಹಣದಲ್ಲಿ ಡೆನ್ಮಾರ್ಕಿನ ಚಿತ್ರಕಾರರ ಕೃತಿಗಳನ್ನು ಕೊಂಡು ಕೂಡಿಟ್ಟರು. ಆ ಸಂಗ್ರಹ ಈಗಲೂ ಅದೇ ಊರಿನಲ್ಲಿ ಮ್ಯೂಸಿಯಂ ಆಗಿದೆ. ಇನ್ನೊಬ್ಬ ಮಗ, 1830ರಲ್ಲಿ ಹುಟ್ಟಿದ ಹರಾಲ್ಡ್, ಮನೆಯ ಕಸುಬು ಬಿಟ್ಟು ವೈದ್ಯರಾದರು. ಹುಟ್ಟುವಾಗಲೇ ಅನ್ನನಾಳವೋ ಸಣ್ಣಕರುಳೋ ಮುಚ್ಚಿಕೊಂಡಿರುವ ಶಿಶುಗಳ ಬಗ್ಗೆ 1861ರಲ್ಲಿ ಅವರು ಪ್ರಬಂಧ ಬರೆದರು. ಅಂಥ ಕೂಸುಗಳಲ್ಲಿ ಒಂದನ್ನೂ ಉಳಿಸಿಕೊಳ್ಳಲಾಗದ ಕಾಲ ಅದು.

1879ರಲ್ಲಿ ರಾಣಿ ಲೂಯಿಸ್ ಹೆಸರಿನ ಮಕ್ಕಳ ಆಸ್ಪತ್ರೆ ತೆರೆದಾಗ ಹರಾಲ್ಡ್ ಅದರ ಮುಖ್ಯ ವೈದ್ಯರಾದರು. ಪ್ರತಿ ಹಾಸಿಗೆಯ ಮೇಲೂ ಬೈಬಲ್ಲಿನ ವಾಕ್ಯ ತೂಗುಹಾಕಬೇಕೆಂಬುದು ರಾಣಿಯ ಇಚ್ಛೆಯಾಗಿತ್ತಂತೆ. ಮಲಗಿದ ಮಕ್ಕಳಿಗೆ ಪ್ರಾಣಿಗಳ ಚಿತ್ರವೇ ಇರಲಿ ಎಂದು ವೈದ್ಯರು ಹಟ ಹಿಡಿದರು, ರಾಣಿ ಆ ಕಡೆ ತಲೆ ಹಾಕಲೇ ಇಲ್ಲ ಎಂಬ ಕಥೆ ವೈದ್ಯಕೀಯ ವಲಯದಲ್ಲಿ ಇನ್ನೂ ಓಡಾಡುತ್ತದೆ. ಕಥೆ ಎಷ್ಟು ನಿಜವೋ, ಹಾಸಿಗೆಯಲ್ಲಿದ್ದ ಮಗುವಿನ ಕಣ್ಣಿನಿಂದ ನೋಡುವ ವೈದ್ಯರೊಬ್ಬರು ಅಲ್ಲಿದ್ದದ್ದಂತೂ ನಿಜ.

1886ರಲ್ಲಿ ಬರ್ಲಿನ್‌ನಲ್ಲಿ ಮಕ್ಕಳ ವೈದ್ಯರ ಸಭೆ ಸೇರಿತು. ಹಿರ್ಶ್‌ಸ್ಪ್ರಂಗ್ ಅಲ್ಲಿ ಎರಡು ಗಂಡುಕೂಸುಗಳ ವಿಷಯ ಮಂಡಿಸಿದರು. ಹುಟ್ಟಿದಾಗಿನಿಂದ ಎರಡಕ್ಕೂ ಮಲ ಸರಿಯಾಗಿ ಇಳಿದಿರಲಿಲ್ಲ. ಹೊಟ್ಟೆ ಬಿಗಿದು ತಮಟೆಯಾಗುತ್ತಿತ್ತು. ಭೇದಿ ಔಷಧ, ಎನಿಮಾ ಎಲ್ಲ ಆಗಿತ್ತು. ವರ್ಷ ತುಂಬುವ ಮೊದಲೇ ಎರಡೂ ತೀರಿಕೊಂಡವು. ಹೊಟ್ಟೆ ಬಿಚ್ಚಿ ನೋಡಿದಾಗ ದೊಡ್ಡಕರುಳು ಭಯವಾಗುವಷ್ಟು ಊದಿತ್ತು, ಅದರ ಗೋಡೆ ದಪ್ಪಗಾಗಿತ್ತು. ಕೆಳಗಿನ ಗುದನಾಳ ಮಾತ್ರ ಊದಿರಲಿಲ್ಲ. ಊದಿದ್ದೇ ಹುಟ್ಟು ದೋಷ ಎಂದು ಅವರು ತೀರ್ಮಾನಿಸಿದರು. ಕಾಯಿಲೆಗೆ ಅವರ ಹೆಸರೇ ನಿಂತಿತು. ಹೆಸರಿನ ಜೊತೆಗೆ ಆ ತೀರ್ಮಾನವೂ ಅರವತ್ತು ವರ್ಷ ನಿಂತುಬಿಟ್ಟಿತು.

ಸುಮಾರು 5000 ಹೆರಿಗೆಗೆ ಒಂದು ಮಗುವಿಗೆ ಬರುವ ತೊಂದರೆ ಇದು, ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಿಗೆ ನಾಲ್ಕು ಪಟ್ಟು ಹೆಚ್ಚು. ಆರೋಗ್ಯವಂತ ಕೂಸು ಹುಟ್ಟಿದ 24 ಗಂಟೆಯೊಳಗೆ, ತೀರಾ ತಡವಾದರೆ 48 ಗಂಟೆಯೊಳಗೆ, ಕಪ್ಪಗೆ ಅಂಟಂಟಾದ ಮೊದಲ ಮಲ ಹೊರಹಾಕುತ್ತದೆ. ಈ ಕಾಯಿಲೆಯ ಹೆಚ್ಚಿನ ಮಕ್ಕಳಲ್ಲಿ ಅದು ಆಗುವುದಿಲ್ಲ. ಹೊಟ್ಟೆ ಉಬ್ಬುತ್ತದೆ, ಹಸಿರು ವಾಂತಿಯಾಗುತ್ತದೆ. ಹೇಗೋ ಬದುಕಿ ದೊಡ್ಡದಾದ ಮಗು ಸೊರಗಿದ ಕೈಕಾಲು, ಕೊಡದಂಥ ಹೊಟ್ಟೆ ಹೊತ್ತು ತಿರುಗುತ್ತದೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಅಂಥ ಒಬ್ಬ ಯುವಕನನ್ನು ‘ಬಲೂನು ಮನುಷ್ಯ’ ಎಂದು ಕರೆದು ಜನರಿಗೆ ಪ್ರದರ್ಶನಕ್ಕಿಟ್ಟಿದ್ದರು. 1892ರಲ್ಲಿ, 29ನೇ ವಯಸ್ಸಿನಲ್ಲಿ ಆತ ಸತ್ತ. ಆತನ ದೊಡ್ಡಕರುಳು ಅಲ್ಲಿನ ಮ್ಯೂಟರ್ ಮ್ಯೂಸಿಯಂನಲ್ಲಿದೆ. ಬದುಕಿದ್ದಾಗಲೂ ಸತ್ತ ಮೇಲೂ ನೋಟಕ್ಕಿಟ್ಟ ಆ ಜೀವವನ್ನು ನೆನೆದರೆ ಮನಸ್ಸು ಹಿಂಡುತ್ತದೆ.

ತೂಬು ಕಟ್ಟಿಕೊಂಡ ಕೆರೆ ತುಂಬಿ ಏರಿ ಬಿರಿಯುವಂತಾದಾಗ ದೋಷ ಕೆರೆಯದೆಂದು ಯಾವ ಹಳ್ಳಿಗನೂ ಹೇಳುವುದಿಲ್ಲ. ಕರುಳಿನ ವಿಷಯದಲ್ಲಿ ಘಟಾನುಘಟಿ ವೈದ್ಯರೇ ಹಾಗೆ ಹೇಳಿದರು, ಏಕೆಂದರೆ ಇಲ್ಲಿ ಕಣ್ಣಿಗೆ ರಾಚುತ್ತಿದ್ದದ್ದು ಊದಿದ ಭಾಗ. ಅದರ ಕೆಳಗಿನ ತುಂಡು ಸಪೂರವಾಗಿ, ಸಾಧಾರಣವಾಗಿ, ಏನೂ ತಪ್ಪಿಲ್ಲದಂತೆ ಕಾಣುತ್ತಿತ್ತು. ಶಸ್ತ್ರವೈದ್ಯರು ಊದಿದ್ದನ್ನು ಕತ್ತರಿಸಿ ತೆಗೆದು, ಮೇಲಿನ ಒಳ್ಳೆಯ ಕರುಳನ್ನು ಕೆಳಗಿನ ‘ಒಳ್ಳೆಯ’ ತುಂಡಿಗೇ ಹೊಲಿದರು. ಸ್ವಲ್ಪ ದಿನದಲ್ಲಿ ಹೊಸದಾಗಿ ಜೋಡಿಸಿದ ಭಾಗವೂ ಊದಿತು. ಲಂಡನ್ನಿನ ಫ್ರೆಡರಿಕ್ ಟ್ರೀವ್ಸ್ 1898ರಲ್ಲೇ ಬೇರೆ ದಾರಿ ಹಿಡಿದಿದ್ದರು. ಹುಡುಗಿಯೊಬ್ಬಳ ಚಿಕಿತ್ಸೆಯ ಅನುಭವದಿಂದ, ಊದುವುದಕ್ಕೆ ಕಾರಣ ಕೆಳಗಿನ ಕಿರಿದಾದ ಭಾಗವೇ ಎಂದು ಬರೆದರು. ಆ ಮಾತು ಹೆಚ್ಚು ಜನರ ಕಿವಿಗೆ ಬೀಳಲಿಲ್ಲ.

ಸೂಕ್ಷ್ಮದರ್ಶಕವೂ ಅದನ್ನೇ ಹೇಳುತ್ತಿತ್ತು. ಕರುಳಿನ ಗೋಡೆಯ ಪದರಗಳ ನಡುವೆ ನರಕೋಶಗಳ ಒಂದು ಬಲೆ ಇದೆ. ಕರುಳು ಹಿಂಡುವುದು, ಸಡಿಲವಾಗುವುದು, ಅಲೆ ಅಲೆಯಾಗಿ ಆಹಾರವನ್ನು ಕೆಳಗೆ ನೂಕುವುದು ಇವುಗಳಿಂದಲೇ. 1901ರಲ್ಲಿ ಟಿಟ್ಟೆಲ್ ಎಂಬುವರು ಇಂಥ ಮಗುವಿನ ಕರುಳಲ್ಲಿ ಆ ಕೋಶಗಳು ಕಡಿಮೆಯಿರುವುದನ್ನು ಕಂಡರು. 1920ರಲ್ಲಿ ಇಟಲಿಯ ದಲ್ಲಾ ವಾಲೆ ಇಬ್ಬರು ಅಣ್ಣತಮ್ಮಂದಿರ ಕರುಳನ್ನು ಪರೀಕ್ಷಿಸಿ, ಕೆಳತುದಿಯಲ್ಲಿ ನರಕೋಶಗಳೇ ಇಲ್ಲ, ಮೇಲೆ ಊದಿದ ಭಾಗದಲ್ಲಿ ಇವೆ ಎಂದು ವರದಿ ಮಾಡಿದರು. ಉತ್ತರ ಅಲ್ಲೇ ಇತ್ತು. ಆದರೂ ಮುಂದಿನ ಇಪ್ಪತ್ತು ವರ್ಷ ವೈದ್ಯಲೋಕ ಸೊಂಟದ ಬಳಿಯ ನರಗಳನ್ನು ಕತ್ತರಿಸುವ ಚಿಕಿತ್ಸೆಯ ಬೆನ್ನು ಹತ್ತಿತು. ಸಿಡ್ನಿಯಲ್ಲಿ ವೇಡ್ ಮತ್ತು ರಾಯ್ಲ್ 1927ರಲ್ಲಿ ಅದರಿಂದ ಗುಣ ಕಂಡಿತೆಂದು ಬರೆದದ್ದೇ ತಡ, ಅದು ದೇಶದೇಶಗಳಿಗೆ ಹಬ್ಬಿತು. ಆ ಇಪ್ಪತ್ತು ವರ್ಷಗಳಲ್ಲಿ ಎಷ್ಟು ಮಕ್ಕಳು ಬೇಡದ ಚಾಕುವಿಗೆ ಒಡ್ಡಿಕೊಂಡರೋ! ಕಾಣದ್ದನ್ನು ಕಂಡವರು ಇದ್ದರು, ಅವರು ಕಂಡದ್ದನ್ನು ಆಪರೇಷನ್ ಕೋಣೆಗೆ ಹೊತ್ತೊಯ್ಯುವವರು ಇರಲಿಲ್ಲ.

ಹೊತ್ತೊಯ್ದವರು ಓರ್ವಾರ್ ಸ್ವೆನ್ಸನ್. 1909ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ಅಮೆರಿಕಕ್ಕೆ ಬಂದವರು. ಹಾರ್ವರ್ಡ್‌ನಲ್ಲಿ ಓದಿ, 1940ರ ದಶಕದಲ್ಲಿ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರಾಗಿದ್ದರು. ಸಾವಿನಂಚಿಗೆ ಬಂದ ಇಂಥ ಮಕ್ಕಳಿಗೆ ಊದಿದ ಕರುಳನ್ನು ಹೊಟ್ಟೆಯ ಮೇಲೆ ತೆರೆದು ಮಲ ಅಲ್ಲಿಂದಲೇ ಹೊರಬರುವಂತೆ ಮಾಡಿದರೆ, ಅಂದರೆ ಕೊಲೊಸ್ಟಮಿ ಮಾಡಿದರೆ, ಮಗು ಚೇತರಿಸಿಕೊಂಡು ಮೈ ತುಂಬಿಕೊಳ್ಳುತ್ತಿತ್ತು. ವಾಸಿಯಾಯಿತೆಂದು ಅದನ್ನು ಮುಚ್ಚಿದರೆ ಕಾಯಿಲೆ ಮರಳಿ ಬರುತ್ತಿತ್ತು. ಹಾಗಾದರೆ ಊದಿದ ಕರುಳಿನಲ್ಲಿ ದೋಷವಿಲ್ಲ, ಕೊಲೊಸ್ಟಮಿಯ ಕೆಳಗೆಲ್ಲೋ ಇದೆ.

ಸ್ವೆನ್ಸನ್ ಪುಟ್ಟ ಬಲೂನುಗಳನ್ನು ಮಕ್ಕಳ ಕರುಳೊಳಗಿಟ್ಟು ಒತ್ತಡ ದಾಖಲಿಸಿದರು. ಮೇಲಿನಿಂದ ಬಂದ ಅಲೆ ಗುದನಾಳದ ಹತ್ತಿರ ಬಂದು ನಿಂತುಬಿಡುತ್ತಿತ್ತು. ಅದೇ ಆಸ್ಪತ್ರೆಯ ಎಕ್ಸ್‌ರೇ ತಜ್ಞ ಎಡ್ವರ್ಡ್ ನಾಯ್‌ಹೌಸರ್ ಸ್ವಲ್ಪವೇ ಬೇರಿಯಂ ಬಿಟ್ಟು ಚಿತ್ರ ತೆಗೆದಾಗ ಕೆಳಗೆ ಸಪೂರ ನಾಳ, ಮೇಲೆ ಒಮ್ಮೆಲೇ ಅಗಲವಾಗುವ ಕರುಳು ಸ್ಪಷ್ಟವಾಗಿ ಮೂಡಿತು. ಸ್ವೆನ್ಸನ್ ಮತ್ತು ಅವರ ಸಹೋದ್ಯೋಗಿ ಅಲೆಕ್ಸಾಂಡರ್ ಬಿಲ್ ನಾಯಿಗಳ ಮೇಲೆ ಅಭ್ಯಾಸ ಮಾಡಿ, ಕೆಳಗಿನ ಆ ಸಪೂರ ಭಾಗವನ್ನು ಪೂರ್ತಿ ತೆಗೆದು, ಮೇಲಿನ ಒಳ್ಳೆಯ ಕರುಳನ್ನು ಗುದದ್ವಾರದವರೆಗೆ ಎಳೆದು ತಂದು ಜೋಡಿಸುವ ಶಸ್ತ್ರಚಿಕಿತ್ಸೆ ರೂಪಿಸಿದರು. ಮಲ ಹಿಡಿದಿಡುವ ಸ್ನಾಯುಗಳಿಗೆ ಪೆಟ್ಟಾಗದಂತೆ ಜೋಡಣೆ ಮಾಡುವುದೇ ಅದರ ಜಾಣ್ಮೆ. 1948ರಲ್ಲಿ ಅದು ಪ್ರಕಟವಾಯಿತು. ನರಕೋಶಗಳಿಲ್ಲದ ಭಾಗವೇ ರೋಗದ ಮೂಲ ಎಂದು ಅದೇ ವರ್ಷ ರೋಗಶಾಸ್ತ್ರಜ್ಞರ ಎರಡು ತಂಡಗಳೂ ಬರೆದವು.

ಕೋಶಗಳು ಏಕಿಲ್ಲ ಎಂಬುದು ಇನ್ನೂ ನಿಧಾನವಾಗಿ ತಿಳಿಯಿತು. ಭ್ರೂಣದಲ್ಲಿ ಕರುಳಿನ ನರಕೋಶಗಳು ಬೇರೆಡೆ ಹುಟ್ಟಿ, ಮೊದಲ ಮೂರು ತಿಂಗಳೊಳಗೆ ಬಾಯಿಯ ಕಡೆಯಿಂದ ಗುದದ ಕಡೆಗೆ ಸಾಗಿ ನೆಲೆ ನಿಲ್ಲುತ್ತವೆ. 1967ರಲ್ಲಿ ಜಪಾನಿನ ಒಕಾಮೊಟೊ ಮತ್ತು ಉಯೆಡಾ ಮಾನವ ಭ್ರೂಣಗಳಲ್ಲಿ ಈ ಪಯಣವನ್ನು ಗುರುತಿಸಿದರು. ಪಯಣ ನಡುವೆ ನಿಂತರೆ ಕೆಳಗಿನದ್ದೆಲ್ಲ ಬರಿದು. ಹೀಗಾಗಿ ದೋಷ ಗುದದ್ವಾರದಿಂದಲೇ ಆರಂಭವಾಗಿ ಮೇಲಕ್ಕೆ ಬಿಟ್ಟೂಬಿಡದೆ ಹೋಗಿ, ಒಂದು ಕಡೆ ಮುಗಿಯುತ್ತದೆ. ಬಹುಪಾಲು ಮಕ್ಕಳಲ್ಲಿ ಅದು ಗುದನಾಳ ಮತ್ತು ಅದರ ಮೇಲಿನ ಸ್ವಲ್ಪ ಕರುಳಿಗಷ್ಟೇ ಸೀಮಿತ. ಈ ಶಸ್ತ್ರಚಿಕಿತ್ಸೆಯ ಗಾಯ ಮುಂದೆ ಕಿರಿದಾಗುತ್ತ ಹೋದ ಕಥೆಯಲ್ಲಿ, ರಂಧ್ರದ ಮೂಲಕ ಇಳಿಸುವ ಕ್ಯಾಮೆರಾಕ್ಕಿಂತ ಮೊದಲು ಬರಬೇಕಾದ ಸಂಗತಿ ಇದು. ದೋಷ ಎಲ್ಲಿಂದ ಎಲ್ಲಿಯವರೆಗೆ ಎಂದು ಗೊತ್ತಿಲ್ಲದವರು ಹೊಟ್ಟೆಯನ್ನೆಲ್ಲ ತೆರೆದು ಹುಡುಕಬೇಕು. ಗೊತ್ತಿದ್ದವರು ಅಲ್ಲಿಗೇ ಕೈ ಹಾಕಬಹುದು.

ಆದರೆ ಸ್ವೆನ್ಸನ್ ಚಿಕಿತ್ಸೆ ಮಕ್ಕಳಿಗೆ ಹಗುರವಾಗಿರಲಿಲ್ಲ. ಮುಂದೆ ಬೇರೂರಿದ ಪದ್ಧತಿಯಲ್ಲಿ ಮೂರು ಆಪರೇಷನ್‌ಗಳು: ಮೊದಲು ಕೊಲೊಸ್ಟಮಿ, ಮಗು ಬೆಳೆದ ಮೇಲೆ ಕರುಳು ಎಳೆದು ಜೋಡಿಸುವುದು, ಕೊನೆಗೆ ಕೊಲೊಸ್ಟಮಿ ಮುಚ್ಚುವುದು. ನಡುವಿನ ತಿಂಗಳುಗಳಲ್ಲಿ ಹೊಟ್ಟೆಯ ಮೇಲಿನ ತೆರಪಿನಿಂದ ಮಲ ಸುರಿಯುತ್ತದೆ, ಸುತ್ತಲ ಎಳೆಯ ಚರ್ಮ ಸುಟ್ಟಂತೆ ಕೆಂಪಾಗುತ್ತದೆ, ಕರುಳು ಕೆಲವೊಮ್ಮೆ ಹೊರಗೆ ಜಾರುತ್ತದೆ. ಒಳ್ಳೆಯ ಚೀಲ ಸಿಗದ, ಸಿಕ್ಕರೂ ಕೊಳ್ಳಲಾಗದ ಮನೆಗಳಲ್ಲಿ ತಾಯಂದಿರು ಬಟ್ಟೆ ಕಟ್ಟಿ, ಒಗೆದು, ಮತ್ತೆ ಕಟ್ಟಿ ದಿನ ದೂಡಿದ್ದಾರೆ. ನಮ್ಮ ದೇಶದಲ್ಲಿ ಇದು ಪೂರ್ತಿ ಹಳೆಯ ಮಾತೂ ಅಲ್ಲ. ಮಗು ತಡವಾಗಿ, ಸೋಂಕು ಏರಿದ ಮೇಲೆ ಆಸ್ಪತ್ರೆ ಸೇರಿದರೆ ಇವತ್ತಿಗೂ ಕೊಲೊಸ್ಟಮಿಯೇ ಜೀವ ಉಳಿಸುವ ಮೊದಲ ಹೆಜ್ಜೆ.

ಶಸ್ತ್ರಚಿಕಿತ್ಸೆಯನ್ನು ಸುಲಭಗೊಳಿಸಲು ಹಲವರು ಹೊರಟರು. ಫ್ರಾನ್ಸಿನ ಬರ್ನಾರ್ ಡ್ಯುಹಮೆಲ್ 1956ರಲ್ಲಿ ಗುದನಾಳವನ್ನು ಉಳಿಸಿಕೊಂಡು ಅದರ ಬೆನ್ನಿಗೆ ಒಳ್ಳೆಯ ಕರುಳನ್ನು ತಂದು ಸೇರಿಸಿದರು. ಇಟಲಿಯ ಜೆನೋವಾದಲ್ಲಿ ಫ್ರಾಂಕೊ ಸೋವೆ 1960ರ ದಶಕದಲ್ಲಿ ಗುದನಾಳದ ಒಳಪೊರೆಯನ್ನಷ್ಟೇ ಸುಲಿದು ತೆಗೆದು, ಉಳಿದ ಸ್ನಾಯುವಿನ ಕೊಳವೆಯೊಳಗಿಂದ ಒಳ್ಳೆಯ ಕರುಳನ್ನು ಇಳಿಸಿದರು. ಹೊರಗೋಡೆ ಮುಟ್ಟದ ಕಾರಣ ಅಕ್ಕಪಕ್ಕದ ಮೂತ್ರಕೋಶದ ನರಗಳಿಗೆ ಅಪಾಯ ಕಡಿಮೆ.

ಪಠ್ಯಪುಸ್ತಕಗಳಲ್ಲಿ ಸೋವೆ ಹೆಸರಿದೆ. ಆದರೆ ಅದೇ ವಿಧಾನವನ್ನು 1952ರಲ್ಲೇ ಬರೆದವರು ಏಸಾ ಯಾನ್ಸಿ. ಕಪ್ಪು ಅಮೆರಿಕನ್ ಶಸ್ತ್ರವೈದ್ಯ ಯಾನ್ಸಿ ಆಗ ಅಲಬಾಮಾದ ಟಸ್ಕೀಗಿಯಲ್ಲಿ, ಮಾಜಿ ಸೈನಿಕರ ಆಸ್ಪತ್ರೆಯಲ್ಲಿದ್ದರು. ವರ್ಣಭೇದ ಕಾನೂನಾಗಿದ್ದ ದಕ್ಷಿಣದ ರಾಜ್ಯ ಅದು. ಬಿಳಿಯರ ವೈದ್ಯಸಂಘಗಳ ಬಾಗಿಲು ಮುಚ್ಚಿದ್ದರಿಂದ ಕಪ್ಪು ವೈದ್ಯರು ಕಟ್ಟಿಕೊಂಡಿದ್ದ ಸಂಘದ ಪತ್ರಿಕೆಯಲ್ಲಿ ಅವರ ಲೇಖನ ಬಂತು. ಉಳಿದವರು ಆ ಪತ್ರಿಕೆ ಓದಲಿಲ್ಲ. ಯಾನ್ಸಿ ಮುಂದೆ ಅಟ್ಲಾಂಟಾದಲ್ಲಿ ಹೆಸರಾಂತ ಶಸ್ತ್ರವೈದ್ಯರಾಗಿ, ಗುರುಗಳಾಗಿ, 2013ರವರೆಗೆ ಬಾಳಿದರು. ಅವರ ಹೆಸರು ಆ ವಿಧಾನದ ಜೊತೆ ಸೇರಬೇಕಿತ್ತು. ಈಗ ಕೆಲವರು ಸೇರಿಸುತ್ತಿದ್ದಾರೆ, ಅದು ಎಲ್ಲರ ರೂಢಿಯಾಗಲಿ.

ರೋಗ ಪತ್ತೆಯಲ್ಲೂ ಗಾಯ ಕಿರಿದಾಗುತ್ತ ಬಂತು. 1955ರಲ್ಲಿ ಸ್ವೆನ್ಸನ್ ಸೂಚಿಸಿದ ಬಯಾಪ್ಸಿಗೆ ಮಗುವಿಗೆ ಅರಿವಳಿಕೆ ಕೊಟ್ಟು ಗುದನಾಳದ ಗೋಡೆಯ ತುಂಡನ್ನು ಕತ್ತರಿಸಿ, ಹೊಲಿಗೆ ಹಾಕಬೇಕಿತ್ತು. 1969ರಲ್ಲಿ ಮೆಲ್ಬರ್ನ್‌ನ ಹೆಲೆನ್ ನೋಬ್ಲೆಟ್ ಒಂದು ತೆಳು ಕೊಳವೆಯ ಸಾಧನ ಮಾಡಿದರು. ಅದು ಒಳಪೊರೆಯನ್ನು ಹೀರಿ ಹಿಡಿದು ಅಕ್ಕಿಕಾಳಿಗಿಂತ ಚಿಕ್ಕ ಚೂರನ್ನು ಕತ್ತರಿಸುತ್ತದೆ. ಗುದದ್ವಾರದಿಂದ ಸ್ವಲ್ಪ ಮೇಲೆ ಕರುಳಿಗೆ ಕತ್ತರಿಯ ನೋವು ತಿಳಿಯುವುದಿಲ್ಲ. ಹಾಗಾಗಿ ಅರಿವಳಿಕೆ ಇಲ್ಲದೆ, ತೊಟ್ಟಿಲ ಪಕ್ಕದಲ್ಲೇ ಪರೀಕ್ಷೆ ಮುಗಿಯುತ್ತದೆ. ಇದರಿಂದ ಹುಟ್ಟಿದ ಕೆಲವೇ ದಿನಗಳಲ್ಲಿ, ಕರುಳು ಊದಿ ಹಾಳಾಗುವ ಮೊದಲೇ ರೋಗ ಖಚಿತವಾಗತೊಡಗಿತು. ಕರುಳು ಊದಿರದಿದ್ದರೆ ಕೊಲೊಸ್ಟಮಿ ಏಕೆ? 1980ರಲ್ಲಿ ನ್ಯೂಯಾರ್ಕಿನ ಹೆನ್ರಿ ಸೋ ಮತ್ತು ಸಂಗಡಿಗರು ಕೊಲೊಸ್ಟಮಿಯ ಮೆಟ್ಟಿಲನ್ನೇ ಬಿಟ್ಟು, ನವಜಾತ ಶಿಶುಗಳಿಗೆ ಒಂದೇ ಸಲಕ್ಕೆ ಶಸ್ತ್ರಚಿಕಿತ್ಸೆ ಮಾಡಿದ್ದನ್ನು ವರದಿ ಮಾಡಿದರು.

ಅಷ್ಟು ಹೊತ್ತಿಗೆ ರಂಧ್ರದ ಮೂಲಕ ಒಳಗೆ ನೋಡುವ ವಿದ್ಯೆ ಬೆಳೆದಿತ್ತು. ಬ್ರಿಟನ್ನಿನ ಭೌತವಿಜ್ಞಾನಿ ಹೆರಾಲ್ಡ್ ಹಾಪ್‌ಕಿನ್ಸ್ ಗಾಜಿನ ಕಡ್ಡಿಗಳನ್ನು ಸಾಲಾಗಿ ಜೋಡಿಸಿ ಮಾಡಿದ ದರ್ಶಕ, ಕಡ್ಡಿಯಷ್ಟು ಸಪೂರವಿದ್ದರೂ ಬೆಳಕು ಮತ್ತು ಸ್ಪಷ್ಟತೆ ಎರಡನ್ನೂ ಕೊಟ್ಟಿತು. ಲಾಸ್ ಏಂಜಲಿಸ್‌ನ ಸ್ಟೀವನ್ ಗಾನ್ಸ್ ಮತ್ತು ಜಾರ್ಜ್ ಬೆರ್ಸಿ 1970ರ ದಶಕದ ಆರಂಭದಲ್ಲೇ ಅದನ್ನು ಮಕ್ಕಳ ಹೊಟ್ಟೆಯೊಳಗಿಳಿಸಿದರು, ಮುಖ್ಯವಾಗಿ ನೋಡಲು. 1980ರಲ್ಲಿ ಜರ್ಮನಿಯ ಕರ್ಟ್ ಸೆಮ್ ರಂಧ್ರದ ಮೂಲಕವೇ ಅಪೆಂಡಿಕ್ಸ್ ತೆಗೆದರು, 1985ರಲ್ಲಿ ಎರಿಕ್ ಮ್ಯೂಹೆ ಪಿತ್ತಕೋಶ ತೆಗೆದರು. ಇಬ್ಬರೂ ತಮ್ಮವರಿಂದಲೇ ಟೀಕೆ ಉಂಡರು. ಆದರೂ 1990ರ ಹೊತ್ತಿಗೆ ದೊಡ್ಡವರ ಪಿತ್ತಕೋಶಕ್ಕೆ ಈ ‘ಕೀಹೋಲ್’ ವಿಧಾನ ಲೋಕರೂಢಿಯಾಗತೊಡಗಿತ್ತು.

ಮಕ್ಕಳ ಶಸ್ತ್ರವೈದ್ಯರು ಹಿಂದೇಟು ಹಾಕಿದ್ದಕ್ಕೆ ಕಾರಣಗಳಿದ್ದವು. ದೊಡ್ಡವರಿಗೆಂದು ಮಾಡಿದ ಹತ್ತು ಮಿಲಿಮೀಟರ್ ಉಪಕರಣಕ್ಕೆ ಮೂರು ಕಿಲೋ ತೂಕದ ಕೂಸಿನ ಹೊಟ್ಟೆಯಲ್ಲಿ ತಿರುಗಲೂ ಜಾಗವಿರಲಿಲ್ಲ. ಹೊಟ್ಟೆಯನ್ನು ಉಬ್ಬಿಸಲು ತುಂಬುವ ಇಂಗಾಲದ ಡೈಆಕ್ಸೈಡ್ ಎಳೆಯ ದೇಹದ ರಕ್ತಕ್ಕೆ ಬೇಗ ಸೇರುತ್ತದೆ, ಪುಟ್ಟ ಶ್ವಾಸಕೋಶಗಳನ್ನು ಒತ್ತುತ್ತದೆ. ದೊಡ್ಡವರಲ್ಲಿ 12ರಿಂದ 15 ಮಿಲಿಮೀಟರ್ ಪಾದರಸದ ಒತ್ತಡ ಇಟ್ಟರೆ ನವಜಾತರಲ್ಲಿ 8ರ ಆಸುಪಾಸಿಗೇ ನಿಲ್ಲಿಸಬೇಕು. ಮೂರು ಮಿಲಿಮೀಟರ್ ಉಪಕರಣಗಳು ಬಂದ ಮೇಲೆ ದಾರಿ ತೆರೆಯಿತು. ಫ್ರಾನ್ಸಿನ ಲಿಮೋಜ್‌ನ ಆಲ್ಯಾ ಮತ್ತು ಸಂಗಡಿಗರು 1991ರಲ್ಲಿ, ಜಠರದ ಬಾಯಿ ದಪ್ಪಗಾಗಿ ಮುಚ್ಚಿಕೊಳ್ಳುವ ಶಿಶುಗಳಿಗೆ ಕೀಹೋಲ್ ವಿಧಾನದಲ್ಲಿ ಚಿಕಿತ್ಸೆ ಮಾಡಿದ್ದನ್ನು ಪ್ರಕಟಿಸಿದರು. ಆ ಕಾಯಿಲೆಯನ್ನು 1888ರಲ್ಲಿ ಸ್ಪಷ್ಟವಾಗಿ ವಿವರಿಸಿದ್ದವರೂ ಹಿರ್ಶ್‌ಸ್ಪ್ರಂಗ್ ಅವರೇ.

ಅವರ ಹೆಸರಿನ ಕಾಯಿಲೆಗೆ ಕೀಹೋಲ್ ಬಂದದ್ದು ಅಲಬಾಮಾದಿಂದ. ಯಾನ್ಸಿ ಇದ್ದ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ ಕೀತ್ ಜಾರ್ಜಸನ್ 1995ರಲ್ಲಿ ತಮ್ಮ ವಿಧಾನ ಪ್ರಕಟಿಸಿದರು. ಮೂರು ನಾಲ್ಕು ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಮತ್ತು ಉಪಕರಣ ಇಳಿಸಿ, ಕರುಳಿನಿಂದ ಚೂರು ತೆಗೆದು ನರಕೋಶ ಎಲ್ಲಿಂದ ಆರಂಭವಾಗುತ್ತದೆಂದು ಪರೀಕ್ಷಿಸುವುದು. ಕರುಳಿಗೆ ಅಂಟಿದ ರಕ್ತನಾಳಗಳ ಪೊರೆಯನ್ನು ಬಿಡಿಸಿ ಅದನ್ನು ಸಡಿಲಗೊಳಿಸುವುದು. ಆಮೇಲೆ ಗುದದ್ವಾರದ ಕಡೆಯಿಂದ ಒಳಪೊರೆ ಸುಲಿದು, ಬೇಡದ ಕರುಳನ್ನು ಅಲ್ಲಿಂದಲೇ ಹೊರಗೆಳೆದು ಕತ್ತರಿಸಿ, ಒಳ್ಳೆಯದನ್ನು ಹೊಲಿಯುವುದು. 1999ರಲ್ಲಿ ಆರು ಆಸ್ಪತ್ರೆಗಳ 80 ಮಕ್ಕಳ ಲೆಕ್ಕ ಹೊರಬಂತು. ಅತಿ ಕಿರಿಯ ಮಗು ಹುಟ್ಟಿ ಮೂರು ದಿನದ್ದು. ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ 24 ಗಂಟೆಯೊಳಗೆ ಮಲವೋ ಗಾಳಿಯೋ ಹೋಯಿತು, ಸರಾಸರಿ 3.7 ದಿನಕ್ಕೆ ಮನೆಗೆ ಹೋದರು, 80 ಮಕ್ಕಳೂ ಬದುಕಿದ್ದರು. ತಿಂಗಳುಗಟ್ಟಲೆ ನಡೆಯುತ್ತಿದ್ದ ಮೂರು ಆಪರೇಷನ್‌ಗಳ ಜಾಗದಲ್ಲಿ ಇದು!

ಅಷ್ಟರಲ್ಲೇ ಮೆಕ್ಸಿಕೊದ ಲೂಯಿಸ್ ದೆ ಲಾ ಟೋರ್ರೆ ಮತ್ತು ಒರ್ಟೆಗಾ ಇನ್ನೂ ಒಂದು ಹೆಜ್ಜೆ ಇಟ್ಟಿದ್ದರು. ಒಳಪೊರೆ ಸುಲಿಯುವುದು ಕೆಳಗಿನಿಂದಲೇ ಆಗುವುದಾದರೆ, ಅದೇ ದಾರಿಯಲ್ಲಿ ಮೇಲೆ ಸಾಗಿ ಕರುಳನ್ನು ಬಿಡಿಸುವುದೂ ಆಗಬೇಕಲ್ಲ? 1998ರಲ್ಲಿ ಅವರು ಪ್ರಕಟಿಸಿದ ವಿಧಾನದಲ್ಲಿ ಹೊಟ್ಟೆಗೆ ಒಂದೂ ರಂಧ್ರವಿಲ್ಲ. ಇಡೀ ಆಪರೇಷನ್ ಗುದದ್ವಾರದ ಮೂಲಕವೇ ಮುಗಿಯುತ್ತದೆ, ಮಗುವಿನ ಮೈಮೇಲೆ ಕಾಣುವ ಗಾಯದ ಗುರುತೇ ಉಳಿಯುವುದಿಲ್ಲ. ದುಬಾರಿ ಕ್ಯಾಮೆರಾ, ಅನಿಲ ತುಂಬುವ ಯಂತ್ರ ಬೇಡ. ಬೇಕಾದದ್ದು ಪಳಗಿದ ಕೈ ಮತ್ತು ನಂಬಬಹುದಾದ ರೋಗಶಾಸ್ತ್ರಜ್ಞರು. ಭಾರತದ ಮಕ್ಕಳ ಶಸ್ತ್ರಚಿಕಿತ್ಸಾ ವಿಭಾಗಗಳಲ್ಲೂ ಈ ವಿಧಾನ ಬೇಗ ಬೇರೂರಿತು. ಸರ್ಕಾರಿ ಆಸ್ಪತ್ರೆಯ ಬಡ ಮಗುವಿಗೂ ಕೊಟ್ಟುಬಿಡಬಹುದಾದ ಹೊಸತನ ವೈದ್ಯಕೀಯದಲ್ಲಿ ಅಪರೂಪ. ಈ ಲೇಖನದಲ್ಲಿ ಬಂದವುಗಳಲ್ಲೆಲ್ಲ ಇದನ್ನೇ ದೊಡ್ಡದೆಂದು ಎಣಿಸಲು ಅದೊಂದೇ ಕಾರಣ ಸಾಕು.

ಆದರೆ ಆ ರೋಗಶಾಸ್ತ್ರಜ್ಞರ ಮಾತು ತಪ್ಪಿದರೆ ಎಲ್ಲವೂ ತಪ್ಪುತ್ತದೆ. ಆಪರೇಷನ್ ಮೇಜಿನ ಮೇಲೆ ಮಗು ಮಲಗಿರುವಾಗಲೇ ಕರುಳಿನ ಚೂರನ್ನು ಹೆಪ್ಪುಗಟ್ಟಿಸಿ, ತೆಳುವಾಗಿ ಕೊಯ್ದು, ಬಣ್ಣ ಹಾಕಿ, ನರಕೋಶ ಇದೆಯೇ ಇಲ್ಲವೇ ಎಂದು ಅವರು ಹೇಳಬೇಕು. ಇದೆ, ಇಲ್ಲ ಎಂಬುದರ ನಡುವೆ ಕೋಶಗಳು ವಿರಳವಾದ ಒಂದು ಅಂಚುಪ್ರದೇಶವಿದೆ. ಅಲ್ಲಿಗೆ ಹೊಲಿಗೆ ಬಿದ್ದರೆ ಕಾಯಿಲೆಯ ಪಾಲೊಂದು ಒಳಗೇ ಉಳಿಯುತ್ತದೆ. ಕೆಳಗಿನಿಂದ ಕೆಲಸ ಆರಂಭಿಸಿದ ಮೇಲೆ ದೋಷ ಬಹಳ ಮೇಲಿನವರೆಗೂ ಇದೆಯೆಂದು ತಿಳಿದರೆ ಹಿಂದಿರುಗುವುದು ಕಷ್ಟ. ಗುದದ ಸ್ನಾಯುಗಳನ್ನು ಹೆಚ್ಚು ಹೊತ್ತು ಹಿಗ್ಗಿಸಿದರೆ ಮುಂದೆ ಮಗುವಿಗೆ ಮಲ ತಡೆಯುವುದು ತೊಡಕಾಗಬಹುದು. ಹೀಗಾಗಿ ಹಲವರು ಮೊದಲು ಕ್ಯಾಮೆರಾದಿಂದ ನೋಡಿ, ಮೇಲಿನ ಚೂರನ್ನು ಪರೀಕ್ಷೆಗೆ ಕಳುಹಿಸಿ, ಉತ್ತರ ಬಂದ ಮೇಲೆಯೇ ಕೆಳಗೆ ಕೈ ಇಡುತ್ತಾರೆ.

ಸ್ವೆನ್ಸನ್ ಇದನ್ನೆಲ್ಲ ನೋಡುತ್ತಲೇ ಇದ್ದರು. 2002ರಲ್ಲಿ, 93ರ ವಯಸ್ಸಿನಲ್ಲಿ, ಅಮೆರಿಕದ ಮಕ್ಕಳ ವೈದ್ಯರ ಪ್ರಮುಖ ಪತ್ರಿಕೆಯಲ್ಲಿ ಈ ಕಾಯಿಲೆಯ ಚರಿತ್ರೆಯನ್ನು ಮತ್ತೆ ಬರೆದರು. ಗುದನಾಳದ ಗೋಡೆಗೆ ಒತ್ತಿಕೊಂಡೇ ಬಿಡಿಸಬೇಕೆಂಬ ನಿಯಮ ಪಾಲಿಸಿದರೆ ತಮ್ಮ ಮೂಲ ವಿಧಾನದಿಂದ ಅಕ್ಕಪಕ್ಕದ ನರಗಳಿಗೆ ಹಾನಿಯಿಲ್ಲ ಎಂಬುದು ಅವರ ವಾದ. 2012ರಲ್ಲಿ, 103 ವರ್ಷ ತುಂಬಿದ ಮೇಲೆ ತೀರಿಕೊಂಡರು. ಮರುವರ್ಷವೇ ಅಮೆರಿಕದ ಮಾರ್ಕ್ ಲೆವಿಟ್ ಮತ್ತು ಸಂಗಡಿಗರು ಗುದದ್ವಾರದ ದಾರಿಯಲ್ಲೇ, ಒಳಪೊರೆ ಸುಲಿಯದೆ, ಪೂರ್ತಿ ಗೋಡೆಯನ್ನು ಸ್ವೆನ್ಸನ್ ಹೇಳಿದಂತೆ ಬಿಡಿಸುವ ವಿಧಾನವನ್ನು ಪ್ರಕಟಿಸಿದರು.

ಕಿರುಗಾಯದ ಚಿಕಿತ್ಸೆಗೆ ಇನ್ನೂ ನಿಲುಕದವರೂ ಇದ್ದಾರೆ. ನೂರರಲ್ಲಿ ಹತ್ತಕ್ಕಿಂತ ಕಡಿಮೆ ಮಕ್ಕಳಲ್ಲಿ ಇಡೀ ದೊಡ್ಡಕರುಳೇ ನರಕೋಶವಿಲ್ಲದೆ ಬರಿದಾಗಿರುತ್ತದೆ. ಅವರಿಗೆ ರಂಧ್ರ ಚಿಕ್ಕದಾದ ಮಾತ್ರಕ್ಕೆ ಬದುಕು ಸುಲಭವಾಗುವುದಿಲ್ಲ. 1994ರಲ್ಲಿ ಹತ್ತನೇ ವರ್ಣತಂತುವಿನ ರೆಟ್ ಎಂಬ ಜೀನ್‌ಗೂ ಈ ಕಾಯಿಲೆಗೂ ನಂಟಿರುವುದು ಪತ್ತೆಯಾದ ಮೇಲೆ ಕೆಲವು ಕುಟುಂಬಗಳಲ್ಲಿ ಇದು ಮರುಕಳಿಸುವುದೇಕೆಂದು ತಿಳಿಯಿತು. ಬರಿದಾದ ಕರುಳಿಗೆ ನರಕೋಶಗಳ ಮೂಲಕೋಶಗಳನ್ನೇ ನೆಡುವ ಪ್ರಯತ್ನ ಪ್ರಯೋಗಾಲಯದ ಪ್ರಾಣಿಗಳಲ್ಲಿ ನಡೆದಿದೆ. ಇನ್ನು ಆಪರೇಷನ್ ಎಷ್ಟೇ ಚೆನ್ನಾಗಿ ಆಗಲಿ, ಕೆಲವು ಮಕ್ಕಳಿಗೆ ಮುಂದೆಯೂ ಕರುಳಿನ ಉರಿಯೂತ ಬರುತ್ತದೆ: ಜ್ವರ, ಉಬ್ಬಿದ ಹೊಟ್ಟೆ, ನಾರುವ ಭೇದಿ. ಇದನ್ನು ಸಾಧಾರಣ ಭೇದಿ ಎಂದುಕೊಂಡು ಮನೆಯಲ್ಲೇ ಕಾಯುವುದು ಪ್ರಾಣಕ್ಕೆ ಎರವಾಗಬಹುದು. ಅದಕ್ಕೇ ಮಕ್ಕಳ ಶಸ್ತ್ರವೈದ್ಯರು ಮಗುವನ್ನು ಮನೆಗೆ ಕಳುಹಿಸುವಾಗ ಈ ಮೂರು ಲಕ್ಷಣಗಳನ್ನು ತಂದೆತಾಯಿಗೆ ಬಾಯಿಬಿಟ್ಟು ಹೇಳಿ, ಅಜ್ಜಿಯಿದ್ದರೆ ಅವರಿಗೂ ಹೇಳಿ, ಕಂಡ ಕೂಡಲೇ ರಾತ್ರಿಯಾದರೂ ಸರಿ ಆಸ್ಪತ್ರೆಗೆ ಕರೆತರುವಂತೆ ತಿಳಿಸಬೇಕು.